ಮಳೆಗಾಲದ ರಾತ್ರಿ, ತೋಟದ ಕಪ್ಪೆ: ಜೇಬಿನ ಕ್ಯಾಮೆರಾ ಕೊಳ್ಳಲೋ, ಫೋನೇ ಸಾಕೋ?

ಅಬ್ಬಿನೀರು

ಎಲ್ಲರಿಗೂ ನಮಸ್ಕಾರ. ನಾನು ಸಿದ್ದಾಪುರದ ಕಡೆಯವಳು. ಎರಡೂವರೆ ಎಕರೆ ಅಡಿಕೆ ತೋಟ, ಅಂಚಿಗೆ ಹಳ್ಳ. ಮೂರು ಮಳೆಗಾಲದಿಂದ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ರಾತ್ರಿ ಊಟ ಆದಮೇಲೆ ಒಂದು ತಾಸು ಕಾಲುವೆ ಗುಂಟ ನಡೆದು, ಯಾವ್ಯಾವ ಕಪ್ಪೆ ಕಂಡವು, ಎಲ್ಲಿ ಕೂತಿದ್ದವು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಮೃಗಶಿರ ಮಳೆಯಿಂದ ಶುರು ಮಾಡಿದರೆ ಮಘೆಯವರೆಗೂ ಬಿಡುವುದಿಲ್ಲ. ಅಡಿಕೆಯ ಕೊಳೆ ರೋಗಕ್ಕೆ ಮದ್ದು ಹೊಡೆಯುವ ಮೊದಲು ಎಷ್ಟು ಥರದವು ಇದ್ದವು, ಆಮೇಲೆ ಎಷ್ಟು ಅಂತ ನನಗೇ ತಿಳಿಯಬೇಕು ಅನ್ನುವ ಆಸೆ.

ಬರೆದಿಟ್ಟರೆ ಸಾಲದು, ಫೋಟೊ ಬೇಕು. ಅಲ್ಲೇ ಸೋಲುತ್ತಿದ್ದೇನೆ. ಕಂಬಳಿಕೊಪ್ಪೆ ಹಾಕಿಕೊಂಡು ಬಗ್ಗಿದರೆ ಕೊಪ್ಪೆಯ ನೀರು ಫೋನಿನ ಮೇಲೇ ಇಳಿಯುತ್ತದೆ. ಒದ್ದೆ ಬೆರಳಿಗೆ ಪರದೆ ಕೇಳುವುದೇ ಇಲ್ಲ, ನಾನು ಒತ್ತಿದ್ದೊಂದು, ಅದು ಮಾಡುವುದೊಂದು. ಚಾರ್ಜ್ ಹಾಕುವ ಬಾಯಿಗೆ ಒಮ್ಮೆ ನೀರು ಹೋಗಿ ಒಂದು ದಿನ ಚಾರ್ಜೇ ಆಗಲಿಲ್ಲ. ಬ್ಯಾಂಕು, ಸೊಸೈಟಿ, ಮಗಳ ಶಾಲೆಯ ಸುದ್ದಿ ಎಲ್ಲ ಅದೇ ಫೋನಿನಲ್ಲಿ. ಅದನ್ನು ಹಳ್ಳಕ್ಕೆ ಒಯ್ಯುವಾಗ ಕೈ ನಡುಗುತ್ತದೆ. ಇಷ್ಟೆಲ್ಲ ಮಾಡಿ ತೆಗೆದರೂ ಹೆಬ್ಬೆರಳ ಉಗುರಿನಷ್ಟಿರುವ ಪೊದೆಗಪ್ಪೆ ಮಸುಕು, ಹಿಂದಿನ ಎಲೆ ಮಾತ್ರ ಸ್ಪಷ್ಟ.

ನಮ್ಮನೆಯವರು ಒಳ್ಳೆಯ ಫೋನೇ ತಗೋ ಅನ್ನುತ್ತಾರೆ. ನನ್ನ ಮೈದುನ, ಲೆನ್ಸ್ ಬದಲಿಸುವ ದೊಡ್ಡ ಡಿಎಸ್‌ಎಲ್‌ಆರ್ ಕ್ಯಾಮೆರಾ ಇಲ್ಲದೆ ಆಗುವ ಕೆಲಸ ಅಲ್ಲ ಅನ್ನುತ್ತಾನೆ. ಅಂಗಿ ಜೇಬಿನಲ್ಲಿ ಹಿಡಿಸುವ ಸಣ್ಣ ಡಿಜಿಟಲ್ ಕ್ಯಾಮೆರಾ ಈ ಕಾಲದಲ್ಲೂ ಕೊಳ್ಳುವಂಥದ್ದಾ? ಇಟ್ಟುಕೊಂಡವರು ಒಳ್ಳೆಯದು ಕೆಟ್ಟದ್ದು ಎರಡನ್ನೂ ಹೇಳಿ. ಕೈಯಲ್ಲಿರುವುದು 30 ಸಾವಿರ, ಅಡಿಕೆ ಮಾರಿದ್ದರಲ್ಲಿ ಬೇರೆ ತೆಗೆದಿಟ್ಟ ದುಡ್ಡು.

ಒಂಟಿಕೊಪ್ಪಲು

ಮೇಡಂ, ನಾನು ಕೊಂಡು, ಮೂರು ವರ್ಷ ಇಟ್ಟುಕೊಂಡು, ಮಾರಿದವನು. ಆ ಅನುಭವ ಹೇಳುತ್ತೇನೆ.

ಮಗಳು ಹುಟ್ಟಿದ ವರ್ಷ ಮೈಸೂರಿನಲ್ಲೇ ಕೊಂಡೆ. 30 ಪಟ್ಟು ಜೂಮ್ ಇದ್ದ ಕ್ಯಾಮೆರಾ. ರಂಗನತಿಟ್ಟಿನಲ್ಲಿ ದೋಣಿಯ ಮೇಲೆ ಕೂತು ಮರದ ತುದಿಯ ಹೆಜ್ಜಾರ್ಲೆ ಮರಿಗೆ ತುತ್ತು ಕೊಡುವುದನ್ನು ತೆಗೆದಿದ್ದೆ. ಆ ಚಿತ್ರ ಈಗಲೂ ನಮ್ಮ ಹಾಲ್‌ನಲ್ಲಿದೆ. ಇವತ್ತಿಗೂ ನನ್ನ ಫೋನಿನಲ್ಲಿ ಆ ಚಿತ್ರ ಬರುವುದಿಲ್ಲ. ಅದೊಂದು ಹೋಯಿತಲ್ಲ ಅನ್ನುವ ಕೊರಗು ಇದೆ.

ಉಳಿದದ್ದು ಹೀಗೆ. ಮನೆಯೊಳಗೆ, ಸಂಜೆ ಹೊತ್ತು, ಛತ್ರದಲ್ಲಿ ತೆಗೆದರೆ ಚಿತ್ರವೆಲ್ಲ ರವೆ ಚೆಲ್ಲಿದ ಹಾಗೆ ಕಾಳುಕಾಳು. ಇಂಥ ದೊಡ್ಡ ಜೂಮ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಇರುವುದು 1/2.3 ಇಂಚು ಅಂತ ಕರೆಯುವ ಸೆನ್ಸರ್, ಅಂದರೆ ಬೆಳಕು ಹಿಡಿದು ಚಿತ್ರ ಮಾಡುವ ಭಾಗ. ಅಳತೆ ಸುಮಾರು 6.2 ಗುಣಿಸು 4.6 ಮಿಲಿಮೀಟರ್. ಈಗಿನ ಒಳ್ಳೆಯ ಫೋನುಗಳ ಮುಖ್ಯ ಸೆನ್ಸರ್ ಇದಕ್ಕಿಂತ ದೊಡ್ಡದು. ಸಾಲದ್ದಕ್ಕೆ ಫೋನು ಒಂದೇ ಕ್ಲಿಕ್ಕಿಗೆ ಹಲವು ಚಿತ್ರ ತೆಗೆದು ಬೆರೆಸಿ ಕೊಡುತ್ತದೆ. ನನ್ನ ಕ್ಯಾಮೆರಾಗೆ ಆ ಬುದ್ಧಿ ಇರಲಿಲ್ಲ.

ನನ್ನನ್ನು ಸೋಲಿಸಿದ್ದು ಮಾತ್ರ ಚಿತ್ರದ ಗುಣಮಟ್ಟ ಅಲ್ಲ. ತೆಗೆದ ಫೋಟೊ ಊರಲ್ಲಿರುವ ಅಮ್ಮನಿಗೆ ತಲುಪಬೇಕಲ್ಲ? ಕ್ಯಾಮೆರಾದ ವೈಫೈ ಹಚ್ಚಿ, ಆ್ಯಪ್ ತೆರೆದು, ಒಂದೊಂದಾಗಿ ಇಳಿಸಿಕೊಳ್ಳುವ ಹೊತ್ತಿಗೆ ಮಗು ಮಲಗಿರುತ್ತಿತ್ತು. ಆಮೇಲೆ ಫೋನ್ ಬದಲಾಯಿಸಿದೆ, ಹೊಸದರಲ್ಲಿ ಆ ಆ್ಯಪ್ ನಡೆಯಲೇ ಇಲ್ಲ. ಕಾರ್ಡಿನಲ್ಲೇ ಉಳಿದ ಫೋಟೊಗಳು ಸಾವಿರದ ಮೇಲಿದ್ದವು. ಅದರಲ್ಲಿ ಮಗಳು ಮೊದಲು ಎದ್ದು ನಿಂತದ್ದೂ ಒಂದು. ಅಮ್ಮ ಅದನ್ನು ನೋಡಿದ್ದು ಎಂಟು ತಿಂಗಳ ಮೇಲೆ.

ನಿಮ್ಮದು ಮನೆಯವರಿಗೆ ಕಳಿಸುವ ಫೋಟೊ ಅಲ್ಲ, ದಾಖಲೆ. ಹಾಗಾಗಿ ನನ್ನ ಕಷ್ಟ ನಿಮಗೆ ಬರಲಿಕ್ಕಿಲ್ಲ. ಆದರೂ ಕೊಳ್ಳುವ ಮೊದಲು, ತೆಗೆದ ಫೋಟೊ ಯಾವತ್ತು ಹೊರಗೆ ತೆಗೆಯುತ್ತೇನೆ, ಎಲ್ಲಿಡುತ್ತೇನೆ ಅಂತ ಮೊದಲೇ ಯೋಚಿಸಿಕೊಳ್ಳಿ. ಒಂದು ಕಾರ್ಡ್ ರೀಡರ್ ಜೊತೆಗೇ ಕೊಳ್ಳಿ, ಆ್ಯಪ್ ನಂಬಬೇಡಿ.

ಮುಖಮಂಟಪ

ಹಾಸನದಿಂದ. ನನ್ನದು ಸೋನಿ ಆರ್‌ಎಕ್ಸ್100 ಮೂರನೆಯ ಆವೃತ್ತಿ. 2014ರ ಮಾಡೆಲ್, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಇನ್ನೂ ಓಡುತ್ತಿದೆ. ದೇವಸ್ಥಾನಗಳ ಒಳಗಿನ ಕೆಲಸ ತೆಗೆಯುವುದು ನನ್ನ ಹುಚ್ಚು.

ಸಣ್ಣ ಕ್ಯಾಮೆರಾ ಅಂದರೆ ಎಲ್ಲ ಒಂದೇ ಅಂದುಕೊಳ್ಳಬಾರದು. ಇದರ ಸೆನ್ಸರ್ 13.2 ಗುಣಿಸು 8.8 ಮಿಲಿಮೀಟರ್, ಮೇಲೆ ಹೇಳಿದ 1/2.3 ಇಂಚಿನದಕ್ಕಿಂತ ನಾಲ್ಕು ಪಟ್ಟು ದೊಡ್ಡ ಜಾಗ. ಲೆನ್ಸಿನ ಜೂಮ್ 24ರಿಂದ 70, ಬಾಯಿ ಎಫ್1.8ರಿಂದ 2.8, ಅಂದರೆ ಹೆಚ್ಚು ಬೆಳಕು ಒಳಗೆ ಬಿಡುವಂಥದ್ದು. ಬೇಲೂರಿನ ನವರಂಗದಂಥ ಕತ್ತಲಿನಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್‌ಗೆ ಪುರಾತತ್ವ ಇಲಾಖೆಯ ಅನುಮತಿ ಬೇಕು. ನಾನು ಮಾಡುವುದು ಇಷ್ಟೇ: ಕರವಸ್ತ್ರ ಹಾಸಿ ಕ್ಯಾಮೆರಾವನ್ನು ನೆಲದ ಮೇಲೆ ಅಂಗಾತ ಮಲಗಿಸುತ್ತೇನೆ, ಲೆನ್ಸ್ ಮೇಲಕ್ಕೆ. ಎರಡು ಸೆಕೆಂಡಿನ ಟೈಮರ್, ಐಎಸ್‌ಒ (ಬೆಳಕಿಗೆ ಸ್ಪಂದಿಸುವ ಮಟ್ಟ) 125, ಶಟರ್ ತೆರೆದಿರುವುದು ಒಂದು ಸೆಕೆಂಡು. ಭುವನೇಶ್ವರಿಯ, ಅಂದರೆ ಕೆತ್ತನೆಯ ಛಾವಣಿಯ, ಮಧ್ಯದಿಂದ ಇಳಿಬಿದ್ದ ಮೊಗ್ಗಿನ ಒಂದೊಂದು ಎಸಳೂ ಎಣಿಸಬಹುದು. ಸೋಮನಾಥಪುರದಲ್ಲಿ ಒಂದೊಂದು ಅಂಕಣದ ಛಾವಣಿಯೂ ಒಂದೊಂದು ಥರ. ಅಲ್ಲಿ ಒಂದು ಇಡೀ ಬೆಳಗ್ಗೆ ಹೀಗೆ ಅಂಕಣದಿಂದ ಅಂಕಣಕ್ಕೆ ಕರವಸ್ತ್ರ ಎಳೆದುಕೊಂಡು ಹೋಗಿದ್ದೆ. ಕಾವಲಿನವರು ಬಂದು ನೋಡಿ, ತಾವೇ ಜನರನ್ನು ಸ್ವಲ್ಪ ಹೊತ್ತು ಆಚೆ ನಿಲ್ಲಿಸಿ ಸಹಾಯ ಮಾಡಿದರು. ದೊಡ್ಡ ಕ್ಯಾಮೆರಾ ಹೊತ್ತು ಹೋಗಿದ್ದರೆ ಮೊದಲು ಪ್ರಶ್ನೆ ಬರುತ್ತಿತ್ತು.

ಇಷ್ಟು ಹೊಗಳಿದರೂ ಅಕ್ಕ, ನಿಮಗೆ ಇದನ್ನು ತಗೊಳ್ಳಿ ಅನ್ನಲಾರೆ. ಇದಕ್ಕೆ ಮಳೆಯಿಂದ ರಕ್ಷಣೆ ಇಲ್ಲ. ಹತ್ತಿರದ ಫೋಕಸ್ ವೈಡ್‌ನಲ್ಲಿ, ಅಂದರೆ ಜೂಮ್ ಎಳೆಯದಿದ್ದಾಗ, 5 ಸೆಂಟಿಮೀಟರ್, ಜೂಮ್ ಎಳೆದರೆ 30 ಸೆಂಟಿಮೀಟರ್ ದೂರ ಸರಿಯಬೇಕು. ವೈಡ್‌ನಲ್ಲಿ 5 ಸೆಂಟಿಮೀಟರಿಗೆ ಹೋದರೆ ಲೆನ್ಸಿನ ನೆರಳೇ ಕಪ್ಪೆಯ ಮೇಲೆ ಬೀಳುತ್ತದೆ, 30ರಲ್ಲಿ ನಿಂತರೆ ನಿಮ್ಮ ಉಗುರಿನಷ್ಟು ಕಪ್ಪೆ ಚಿತ್ರದಲ್ಲೂ ಸಣ್ಣದೇ.

ತುಂಗಾತೀರ

ತಂಗಿ, ತಡವಾಗಿ ನೋಡಿದೆ. ತೀರ್ಥಹಳ್ಳಿಯ ಕಡೆ ಹೈಸ್ಕೂಲಿನಲ್ಲಿ ಇಪ್ಪತ್ತೊಂಬತ್ತು ವರ್ಷ ವಿಜ್ಞಾನ ಪಾಠ ಮಾಡಿ ನಿವೃತ್ತನಾದವನು ನಾನು. ಮಕ್ಕಳನ್ನು ಕರೆದುಕೊಂಡು ಹಳ್ಳ ಹೊಕ್ಕವನು. ನೀವು ಮಾಡುತ್ತಿರುವ ಕೆಲಸ ಓದಿ ಸಂತೋಷವಾಯಿತು, ಅದಕ್ಕೇ ಉದ್ದ ಬರೆಯುತ್ತೇನೆ.

ನನ್ನ ಬಳಿ ಈವರೆಗೆ ಮೂರು ಸಣ್ಣ ಕ್ಯಾಮೆರಾ ಆಗಿವೆ. ಮೊದಲನೆಯದು ಜೂಮ್ ಲೆನ್ಸ್ ಹೊರಗೆ ಬರುವಂಥದ್ದು. ಮರವಂತೆ ಕಡಲ ದಂಡೆಯಲ್ಲಿ ಶಾಲೆಯ ಮಕ್ಕಳ ಚಿತ್ರ ತೆಗೆಯುತ್ತಿದ್ದೆ. ಮರಳು ಲೆನ್ಸಿನ ಕೊಳವೆಯ ಸಂದಿಗೆ ಸೇರಿ ಕಿರ್ ಅಂತ ಸದ್ದು ಮಾಡಿ ಅರ್ಧಕ್ಕೇ ನಿಂತಿತು. ರಿಪೇರಿಯವರು ಹೇಳಿದ ಮೊತ್ತಕ್ಕೆ ಸೆಕೆಂಡ್ ಹ್ಯಾಂಡ್ ಕ್ಯಾಮೆರಾವೇ ಬರುತ್ತಿತ್ತು. ಒಳಗೆ ಹೊರಗೆ ಆಡುವ ಲೆನ್ಸು ಸೈಕಲ್ ಪಂಪಿನ ಹಾಗೆ. ಪ್ರತಿ ಸಲ ಹೊರಬಂದಾಗ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ದೂಳೂ ಹೋಗುತ್ತದೆ. ಲೆನ್ಸ್ ಬಿಚ್ಚಲು ಬರುವುದಿಲ್ಲವಾದ್ದರಿಂದ ಸೆನ್ಸರ್ ಮೇಲೆ ಕೂತ ದೂಳನ್ನು ನಾವು ಒರೆಸುವ ಹಾಗೂ ಇಲ್ಲ. ಜೇಬಿನ ಕ್ಯಾಮೆರಾಗಳ ದೊಡ್ಡ ದೌರ್ಬಲ್ಯ ಇದು ಅಂತ ನನ್ನ ಅಭಿಪ್ರಾಯ. ಜೇಬಿನಲ್ಲಿಡಲೆಂದೇ ಮಾಡಿದ್ದು, ಜೇಬಿನಲ್ಲೇ ಅದಕ್ಕೆ ಅಪಾಯ.

ಎರಡನೆಯದನ್ನು ಕಳೆದದ್ದು ನನ್ನ ಅಜಾಗ್ರತೆಯಿಂದ. ಆಷಾಢದಲ್ಲಿ ಚರ್ಮದ ಚೀಲದಲ್ಲಿ ಹಾಕಿ ಬೀರುವಿನಲ್ಲಿಟ್ಟಿದ್ದೆ. ನಮ್ಮಲ್ಲಿ ಆ ದಿನಗಳಲ್ಲಿ ಬೆಲ್ಟಿಗೆ, ಚಪ್ಪಲಿಗೆ ಬೂಷ್ಟು ಹಿಡಿಯುವುದು ನಿಮಗೆ ಗೊತ್ತೇ ಇದೆ. ಗಣೇಶನ ಹಬ್ಬಕ್ಕೆ ತೆಗೆದು ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆಯಂತೆ ಶಿಲೀಂಧ್ರ. ಅಂದಿನಿಂದ ಸ್ಟೀಲ್ ಡಬ್ಬಿ, ಬಿಗಿ ಮುಚ್ಚಳ, ಒಳಗೆ ಬಟ್ಟೆಯ ಗಂಟಿನಲ್ಲಿ ತೇವ ಹೀರುವ ಸಿಲಿಕಾ ಜೆಲ್ ಹರಳು. ಬಣ್ಣ ಬದಲಾಯಿತು ಅಂದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ಹಾಕುತ್ತೇನೆ. ಯಾವ ಕ್ಯಾಮೆರಾ ಕೊಂಡರೂ ಮಲೆನಾಡಿನವರು ಮೊದಲು ಈ ಡಬ್ಬಿ ಮಾಡಿಕೊಳ್ಳಬೇಕು.

ಈಗಿರುವುದು ಒಲಿಂಪಸ್ ಟಫ್ ಟಿಜಿ-6. 2019ರಲ್ಲಿ ಬಂದ ಮಾಡೆಲ್. ಆಮೇಲೆ ಆ ಕ್ಯಾಮೆರಾ ವಿಭಾಗ ಓಎಂ ಅನ್ನುವ ಹೆಸರಿಗೆ ಬದಲಾಗಿ, 2023ರಲ್ಲಿ ಟಿಜಿ-7 ಬಂತು. ಎರಡಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ. ಹೊಸದರಲ್ಲಿ ಚಾರ್ಜಿಗೆ ಯುಎಸ್‌ಬಿ-ಸಿ ಇದೆ, ಹಳೆಯದಕ್ಕೆ ಹಳೇ ಫೋನಿನ ಸಣ್ಣ ಪಿನ್ನೇ. ತೂಕ 250 ಗ್ರಾಂ ಆಸುಪಾಸು. 15 ಮೀಟರ್ ನೀರಿನೊಳಗೂ ತಡೆಯುತ್ತದೆ ಅಂತ ಬರೆದಿರುತ್ತಾರೆ, ನಮಗೆ ಬೇಕಾದದ್ದು ಆರಿದ್ರೆ ಮಳೆ ತಡೆದರೆ ಸಾಕು. ನಾಲ್ಕು ಮಳೆಗಾಲ ತಡೆದಿದೆ. ಕೆಸರಾದರೆ ಹಳ್ಳದಲ್ಲೇ ಅದ್ದಿ ತೊಳೆಯುತ್ತೇನೆ. ಇದರ ಲೆನ್ಸ್ ಹೊರಗೆ ಬರುವುದಿಲ್ಲ, ಜೂಮ್ ಆಗುವುದೆಲ್ಲ ಗಾಜಿನ ಹಿಂದೆ. ಮರವಂತೆಯ ಕಥೆ ಇದಕ್ಕಿಲ್ಲ.

ನಿಮಗೆ ಇದನ್ನೇ ಹೇಳಲು ಮುಖ್ಯ ಕಾರಣ ಬೇರೆ. ಇದರ ತಿರುಗಣೆಯಲ್ಲಿ ಮೈಕ್ರೋಸ್ಕೋಪ್ ಅಂತ ಒಂದು ಸ್ಥಾನ ಇದೆ. ಅಲ್ಲಿಟ್ಟರೆ ಪೂರ್ತಿ ಜೂಮ್ ಎಳೆದೂ ಲೆನ್ಸಿನಿಂದ 1 ಸೆಂಟಿಮೀಟರ್ ದೂರದ ವಸ್ತುವಿಗೆ ಫೋಕಸ್ ಆಗುತ್ತದೆ. ಇದರ ಸೆನ್ಸರೂ ಒಂಟಿಕೊಪ್ಪಲಿನವರು ಹೇಳಿದ ಸಣ್ಣ ಅಳತೆಯದೇ, 12 ಮೆಗಾಪಿಕ್ಸೆಲ್ ಅಷ್ಟೇ. ಅವರಿಗೆ ತೊಂದರೆ ಕೊಟ್ಟ ಆ ಸಣ್ಣತನ ಹತ್ತಿರದ ಚಿತ್ರಕ್ಕೆ ಅನುಕೂಲ. ಸೆನ್ಸರ್ ಸಣ್ಣದಾದಷ್ಟೂ ಮುಂದೆ ಹಿಂದೆ ಸ್ಪಷ್ಟವಾಗಿ ಕಾಣುವ ಆಳ ಹೆಚ್ಚು. ನಿಮ್ಮ ಮೈದುನ ಹೇಳುವ ದೊಡ್ಡ ಕ್ಯಾಮೆರಾದಲ್ಲಿ ಕಪ್ಪೆಯ ಕಣ್ಣಿಗೆ ಫೋಕಸ್ ಆದರೆ ಮೂಗು ಮಸುಕು. ಎರಡೂ ಬರಬೇಕೆಂದರೆ ಲೆನ್ಸಿನ ಬಾಯಿ ಬಹಳ ಕಿರಿದು ಮಾಡಬೇಕು, ಹಾಗೆ ಮಾಡಿದರೆ ದೊಡ್ಡ ಫ್ಲಾಶ್ ಬೇಕು, ಒಂದು ಕೈಯಲ್ಲಿ ಛತ್ರಿ ಬೇಕು. ಮೈದುನನ ಮಾತು ತಪ್ಪಲ್ಲ, ಅದರಲ್ಲಿ ಇನ್ನೂ ಚೆಂದದ ಚಿತ್ರ ಬರುತ್ತದೆ. ಆದರೆ ರಾತ್ರಿ ಒಬ್ಬರೇ, ಒಂದು ಕೈಯಲ್ಲಿ ಟಾರ್ಚು, ಕಾಲಿಗೆ ಉಂಬಳ (ಜಿಗಣೆ), ಆ ಸ್ಥಿತಿಯಲ್ಲಿ ಅದನ್ನು ಹೊರುವುದು ಹೇಗೆ?

ಇನ್ನು ಫ್ಲಾಶ್. ಫೋನಿನದು ಎಲ್‌ಇಡಿ, ಹೊತ್ತಿಕೊಂಡೇ ಇರುವ ಸಣ್ಣ ದೀಪ. ಕ್ಯಾಮೆರಾದ್ದು ಕ್ಸೆನಾನ್, ಕಣ್ಣೆವೆ ಬಡಿಯುವುದಕ್ಕಿಂತ ಎಷ್ಟೋ ಬೇಗ ಮಿಂಚಿ ಆರುತ್ತದೆ. ಗಂಡು ಕಪ್ಪೆ ಗಂಟಲ ಚೀಲ ಉಬ್ಬಿಸಿ ಕೂಗುವಾಗ ಆ ಚೀಲ ಒಂದು ಕ್ಷಣ ನಿಲ್ಲುವುದಿಲ್ಲ, ಅದು ಗಾಜಿನ ಗೋಲಿಯಂತೆ ಚಿತ್ರದಲ್ಲಿ ಬಂದದ್ದು ನನಗೆ ಈ ಫ್ಲಾಶಿನಿಂದಲೇ. ಬರಿಯ ಫ್ಲಾಶ್ ಹೊಡೆದರೆ ಒದ್ದೆ ಚರ್ಮದ ಮೇಲೆ ಬಿಳಿ ಚುಕ್ಕೆ ಹೊಳೆಯುತ್ತದೆ. ಅದಕ್ಕೆಂದೇ ಲೆನ್ಸಿನ ಸುತ್ತ ಕೂತು ಬೆಳಕನ್ನು ಹರಡಿ ಮೆತ್ತಗೆ ಮಾಡುವ ಡಿಫ್ಯೂಸರ್ ಸಿಗುತ್ತದೆ. ನಾನು ಮೊದಲ ವರ್ಷ ಮೊಸರಿನ ಬಿಳಿ ಡಬ್ಬಿ ಕತ್ತರಿಸಿ ಲೆನ್ಸಿಗೆ ತೂತು ಮಾಡಿ, ರಬ್ಬರ್‌ಬ್ಯಾಂಡ್ ಹಾಕಿ ಕಟ್ಟಿದ್ದೆ. ಚೆನ್ನಾಗಿಯೇ ನಡೆಯಿತು.

ಕೊರತೆ ಹೇಳದೆ ಇರಲಾರೆ. ತೋಟದ ನೋಟ, ಸಂಜೆಯ ಆಕಾಶ, ಮಗಳ ಮುಖ ಇವಕ್ಕೆಲ್ಲ ನಿಮ್ಮ ಈಗಿನ ಫೋನೇ ಮೇಲು. ಟಾರ್ಚಿನ ಬೆಳಕು ಇಲ್ಲದಿದ್ದರೆ ಕತ್ತಲಲ್ಲಿ ಫೋಕಸ್ ತಡವರಿಸುತ್ತದೆ, ತಲೆಗೆ ಕಟ್ಟುವ ಟಾರ್ಚ್ ಇರಲಿ. ಒಂದು ಚಾರ್ಜಿಗೆ 340 ಚಿತ್ರ ಅಂತ ಕಂಪನಿಯ ಲೆಕ್ಕ. ಫ್ಲಾಶ್, ಜಿಪಿಎಸ್ ಎರಡೂ ಇಟ್ಟರೆ ಅಷ್ಟು ಬರುವುದಿಲ್ಲ, ಇನ್ನೊಂದು ಬ್ಯಾಟರಿ ಇಟ್ಟುಕೊಳ್ಳಿ. ಬ್ಯಾಟರಿಯ ಬಾಗಿಲು, ತಂತಿ ಚುಚ್ಚುವ ಬಾಗಿಲು ಎರಡಕ್ಕೂ ಸುತ್ತ ರಬ್ಬರಿನ ಅಂಚು ಇದೆ. ಒಂದು ಕೂದಲು ಸಿಕ್ಕಿಕೊಂಡರೂ ನೀರು ಒಳಗೆ ಬರುತ್ತದೆ. ನನ್ನದರಲ್ಲಿ ಒಮ್ಮೆ ಅಡಿಕೆ ಸಿಪ್ಪೆಯ ನಾರು ಸಿಕ್ಕಿಕೊಂಡಿತ್ತು, ಬಾಗಿಲು ಹಾಕುವ ಮೊದಲು ನೋಡಿದ್ದಕ್ಕೆ ಉಳಿಯಿತು. ಆ ರಬ್ಬರನ್ನು ವರ್ಷಕ್ಕೊಮ್ಮೆ ಬದಲಾಯಿಸಿ ಅನ್ನುತ್ತಾರೆ ತಯಾರಕರು. ಬಾಗಿಲು ತೆರೆಯುವುದು ಮನೆಗೆ ಬಂದು ಒರೆಸಿದ ಮೇಲೇ, ಹಳ್ಳದಲ್ಲಿ ಯಾವತ್ತೂ ಬೇಡ.

ನಿಮ್ಮ ಹಳ್ಳದಲ್ಲಿ ಒಂದನ್ನು ಕಾದು ನೋಡಿ. ಕುಂಬಾರ ಕಪ್ಪೆ. 2014ರಲ್ಲಿ ಹೊಸ ಪ್ರಭೇದ ಅಂತ ವಿಜ್ಞಾನಿಗಳು ವಿವರಿಸಿದ್ದು, ವೈಜ್ಞಾನಿಕ ಹೆಸರಿನಲ್ಲೇ ಕುಂಬಾರ ಅನ್ನುವ ನಮ್ಮ ಮಾತಿದೆ. ನಿಮ್ಮ ಕತ್ತಲೆಕಾನು ಕಾಡಿನ ಕಡೆಯ ಹಳ್ಳಗಳದ್ದು. ಗಂಡು ತನ್ನ ಮುಂಗೈಯಲ್ಲಿ ಕೆಸರು ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಅದನ್ನು ನಾನು ನೋಡಿಲ್ಲ. ನೋಡಬೇಕು ಅಂತ ಎರಡು ಸಲ ಬಂದು ವಾಪಸು ಹೋಗಿದ್ದೇನೆ.

ಅಬ್ಬಿನೀರು

ಮಾಸ್ತರೇ, ನಿಮ್ಮ ಬರಹವನ್ನು ಮಗಳಿಗೂ ಓದಿ ಹೇಳಿದೆ. ಉಳಿದ ಇಬ್ಬರಿಗೂ ಉಪಕಾರ. ಎಂಟು ತಿಂಗಳು ಅಜ್ಜಿ ಕಾದ ಸಂಗತಿ ಓದಿ ಇವತ್ತೇ ಫೋನಿನ ಹಳೇ ಫೋಟೊಗಳನ್ನೆಲ್ಲ ಕಂಪ್ಯೂಟರಿಗೆ ಹಾಕಲು ಕೂತೆ.

ಮೂರು ಪ್ರಶ್ನೆ ಉಳಿದಿವೆ. ಫ್ಲಾಶಿನಿಂದ ಕಪ್ಪೆಯ ಕಣ್ಣಿಗೆ ತೊಂದರೆ ಆಗುವುದಿಲ್ಲವಾ? ಇದು ಮನಸ್ಸಿಗೆ ಕೊರೆಯುತ್ತಿದೆ. ಜಿಪಿಎಸ್ ಅಡಿಕೆ ಮರದ ಕೆಳಗೆ ಹಿಡಿಯುತ್ತದಾ? ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಏನು ನೋಡಬೇಕು? ಹೊಸದು ನನ್ನ 30 ಸಾವಿರಕ್ಕೆ ಬರುವ ಹಾಗೆ ಕಾಣುವುದಿಲ್ಲ.

ತುಂಗಾತೀರ

ಕೊರೆಯಬೇಕಾದ ಪ್ರಶ್ನೆಯೇ ಅದು. ನನ್ನ ನಿಯಮ, ಒಂದು ಕಪ್ಪೆಗೆ ನಾಲ್ಕು ಫ್ಲಾಶ್, ಐದನೆಯದಿಲ್ಲ. ಜೋಡಿ ಕೂತಿದ್ದರೆ, ಮೊಟ್ಟೆ ಇಡುತ್ತಿದ್ದರೆ ಒಂದು ಚಿತ್ರ ತೆಗೆದು ಟಾರ್ಚ್ ತಗ್ಗಿಸಿ ಸರಿದುಬಿಡುತ್ತೇನೆ. 1 ಸೆಂಟಿಮೀಟರ್‌ಗೆ ಹೋಗಲು ಆಗುತ್ತದೆ ಅಂತ ಹೋಗಲೇಬೇಕಿಲ್ಲ, ಒಂದು ಗೇಣು ದೂರದಿಂದ ಮೊದಲ ಚಿತ್ರ ತೆಗೆದು, ಅದು ಅಲುಗದಿದ್ದರೆ ಹತ್ತಿರ ಸರಿಯಿರಿ. ಮುಟ್ಟಲೇಬೇಡಿ. ಉಂಬಳಕ್ಕೆಂದು ಸುಣ್ಣ, ತಂಬಾಕು ಸವರಿದ ಕೈ ಅದರ ಮೈಗೆ ವಿಷ, ಕಪ್ಪೆಯ ಚರ್ಮ ಎಲ್ಲವನ್ನೂ ಹೀರುತ್ತದೆ.

ಜಿಪಿಎಸ್ ಮರದಡಿ ಹಿಡಿಯುತ್ತದೆ, ನಿಧಾನ. ಮನೆಯ ಅಂಗಳದಲ್ಲೇ ಆನ್ ಮಾಡಿ, ಹಿಡಿದ ಮೇಲೆ ತೋಟಕ್ಕೆ ಇಳಿಯಿರಿ. ಕ್ಯಾಮೆರಾದ ಮೇಲಿರುವ ಜಿಪಿಎಸ್‌ನ ಸಣ್ಣ ಸ್ವಿಚ್ಚನ್ನು ವಾಪಸು ಬಂದಾಗ ಆಫ್ ಮಾಡಲು ಮರೆತರೆ ಕ್ಯಾಮೆರಾ ಆರಿಸಿದ್ದರೂ ಬ್ಯಾಟರಿ ಇಳಿಯುತ್ತಲೇ ಇರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಎರಡೂ ಬಾಗಿಲು ತೆರೆದು ರಬ್ಬರ್ ಬೆರಳಲ್ಲಿ ಸವರಿ. ಬಿರುಕಿರಬಾರದು. ಬ್ಯಾಟರಿ ಗೂಡಿನ ತಾಮ್ರದ ಹಲ್ಲಿನ ಮೇಲೆ ಹಸಿರು ಕಂಡರೆ ಒಮ್ಮೆ ನೀರು ಕುಡಿದದ್ದು ಅಂತ ಅರ್ಥ, ಬಿಟ್ಟುಬಿಡಿ. ಲೆನ್ಸಿನ ಒಳಗೆ ಟಾರ್ಚ್ ಓರೆಯಾಗಿ ಬಿಟ್ಟು ಬಲೆ ಇದೆಯಾ ನೋಡಿ. ಬಿಳಿ ಗೋಡೆಯ ಚಿತ್ರ ತೆಗೆದು ಚುಕ್ಕೆ ಹುಡುಕಿ. ಯಾರು ಎಷ್ಟೇ ಭರವಸೆ ಕೊಟ್ಟರೂ ಹಳೆಯದನ್ನು ನೀರಿನಲ್ಲಿ ಮುಳುಗಿಸಬೇಡಿ, ಮಳೆಯ ಮಟ್ಟಿಗೆ ನಂಬಿ.

ಇನ್ನೊಂದು ಮಾತು. ಪೊದೆಗಪ್ಪೆಗಳು ಬಣ್ಣದಿಂದ ಗುರುತು ಸಿಗುವುದಿಲ್ಲ, ಒಂದೇ ಜಾತಿಯದು ನಾಲ್ಕು ಬಣ್ಣದಲ್ಲಿರುತ್ತದೆ. ಅದೇ ಕ್ಯಾಮೆರಾದಲ್ಲಿ ಹತ್ತು ಸೆಕೆಂಡ್ ವಿಡಿಯೊ ತೆಗೆಯಿರಿ, ಕೂಗು ಸಿಗುತ್ತದೆ. ತಿಳಿದವರು ಕೂಗಿನಿಂದ ಹೇಳುತ್ತಾರೆ. ಜೀವಿಗಳನ್ನು ದಾಖಲಿಸುವ ಜಾಲತಾಣಗಳಾದ ಐನ್ಯಾಚುರಲಿಸ್ಟ್‌ಗೋ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೋ ಹಾಕಿದರೆ ನಿಮ್ಮ ನೋಟ್‌ಬುಕ್ಕು ನಾಲ್ಕು ಜನರಿಗೂ ಸಿಗುತ್ತದೆ.

ಅಬ್ಬಿನೀರು

ಕೊಂಡೆ. ಶಿವಮೊಗ್ಗದಲ್ಲಿ ಒಬ್ಬರು ಮಾರುತ್ತಿದ್ದರು. ಟಿಜಿ-6, 22 ಸಾವಿರ, ಒಂದು ಹೆಚ್ಚಿನ ಬ್ಯಾಟರಿ ಸೇರಿ. ಹೇಳಿದ ಹಾಗೇ ಬಾಗಿಲು, ಹಲ್ಲು, ಗೋಡೆಯ ಚುಕ್ಕೆ ಎಲ್ಲ ನೋಡಿಯೇ ತಂದೆ. ಮಾರಿದವರು ತಾಳ್ಮೆಯಿಂದ ನಿಂತರು.

ನಿನ್ನೆ ರಾತ್ರಿ ಮೊದಲ ಸಲ ಒಯ್ದೆ. ಜಡಿಮಳೆ. ಒದ್ದೆ ಬೆರಳಿನಲ್ಲಿ ಗುಂಡಿ ಒತ್ತಿದರೆ ಒತ್ತಿದ್ದು ಅದಕ್ಕೆ ಗೊತ್ತಾಗುತ್ತದೆ ಅನ್ನುವುದೇ ಎಷ್ಟು ದೊಡ್ಡ ಸಮಾಧಾನ! ಮೊದಲ ಹನ್ನೆರಡು ಚಿತ್ರದಲ್ಲಿ ಒಂಬತ್ತು ಹಾಳು. ಕೈ ಅಲುಗಿದ್ದು, ಮೊಸರು ಡಬ್ಬಿ ಜಾರಿ ಅರ್ಧ ಲೆನ್ಸ್ ಮುಚ್ಚಿದ್ದು. ಉಳಿದ ಮೂರರಲ್ಲಿ ಒಂದನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಾಗ ಮಗಳು ಕುರ್ಚಿಯಿಂದ ಎದ್ದು ಬಂದಳು. ಏಲಕ್ಕಿ ಎಲೆಯ ಮೇಲಿನ ಪೊದೆಗಪ್ಪೆ. ಕಣ್ಣಿನ ಸುತ್ತ ಸಣ್ಣ ನೀಲಿ ಉಂಗುರ, ಮುಂಗಾಲಿನ ನಾಲ್ಕು ಬೆರಳಿನ ತುದಿಯ ಬಟ್ಟಲು ಎಲೆಗೆ ಅಂಟಿದ್ದು, ಎಲ್ಲ ಎಣಿಸುವ ಹಾಗಿದೆ. ಮೂರು ವರ್ಷದಿಂದ ನೋಟ್‌ಬುಕ್ಕಿನಲ್ಲಿ "ಹಳದಿ, ಸಣ್ಣದು" ಅಂತ ಬರೆಯುತ್ತಿದ್ದದ್ದು ಇದೇ.

ಕೂಗಿನ ವಿಡಿಯೊನೂ ಇದೆ, ಮಳೆ ಸದ್ದು ಜಾಸ್ತಿ. ಮಳೆ ಹೊಳವಾದ ರಾತ್ರಿ ಮತ್ತೆ ತೆಗೆದು ಎರಡನ್ನೂ ಇಲ್ಲಿ ಹಾಕುತ್ತೇನೆ, ಯಾವುದು ಅಂತ ಗೊತ್ತಾದವರು ಹೇಳಿ. ಮಾಸ್ತರೇ, ಹಳ್ಳದ ಮೇಲ್ಭಾಗದಲ್ಲಿ ಕೆಸರು ಮೆತ್ತಿದ ಹಾಗಿರುವ ಒಂದು ಕಡ್ಡಿ ಕಂಡಿದ್ದೇನೆ. ಅದೇನಾ ಅಂತ ಖಾತ್ರಿ ಇಲ್ಲ. ಈ ವಾರ ದಿನಾ ಹೋಗಿ ನೋಡುತ್ತೇನೆ. ಹೌದಾದರೆ ಬನ್ನಿ, ಊಟಕ್ಕೆ ನಮ್ಮಲ್ಲೇ.